ಸಣ್ಣ ಪೆಟ್ರೋಲ್ ಚೈನ್ ಸಾ: ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪದ ಹತ್ತಿರ ನಮ್ಮದು ಅಡಿಕೆ ತೋಟ, ಅದರ ಮೇಲೆ ಸ್ವಲ್ಪ ಕಾಫಿ. ಹನ್ನೊಂದು ವರ್ಷದಲ್ಲಿ ಮೂರು ಚೈನ್ ಸಾ ನನ್ನ ಕೈಯಲ್ಲಿ ಓಡಿವೆ. ಒಂದು ಸತ್ತಿತು, ಒಂದನ್ನು ಮಾರಿದೆ, ಮೂರನೆಯದು ಈಗಲೂ ಕೊಟ್ಟಿಗೆಯ ಅಟ್ಟದ ಮೇಲಿದೆ. ನಾನು ಮೆಕ್ಯಾನಿಕ್ ಅಲ್ಲ. ಆದರೂ ಊರಲ್ಲಿ ಯಾರಿಗಾದರೂ ಮಿಷನ್ ತಗೊಳ್ಳಬೇಕಿದ್ದರೆ, ಇಲ್ಲವೇ ತಗೊಂಡದ್ದು ಸ್ಟಾರ್ಟ್ ಆಗದಿದ್ದರೆ, ಫೋನ್ ನನಗೆ ಬರುತ್ತದೆ. ಕೇಳುವುದು ಹೆಚ್ಚುಕಮ್ಮಿ ಅದೇ ಹದಿನೈದು ಇಪ್ಪತ್ತು ಪ್ರಶ್ನೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ನನಗೆ ಸ್ವಂತ ಮಿಷನ್ ಬೇಕಾ? ಬಾಡಿಗೆಗೆ ಕರೆದರೆ ಸಾಲದಾ?

ವರ್ಷಕ್ಕೊಮ್ಮೆ ನಾಲ್ಕು ಮರ ಕಡಿಸುವವರಿಗೆ ಬೇಡ. ಮಿಷನ್ ಇಟ್ಟುಕೊಂಡವರನ್ನು ಒಂದು ದಿನ ಕರೆಸಿ, ಸಂಬಳ ಕೊಟ್ಟು ಕಳಿಸಿ. ನೆಮ್ಮದಿ.

ನಮ್ಮ ಕಡೆ ಕಥೆ ಬೇರೆ. ಆಷಾಢದ ಗಾಳಿಗೆ ರಾತ್ರಿ ಅಕೇಶಿಯಾ ಮರ ಮನೆ ದಾರಿಗೆ ಅಡ್ಡ ಬಿದ್ದಿರುತ್ತದೆ, ಬೆಳಿಗ್ಗೆ ಹಾಲಿನ ಕ್ಯಾನ್ ಡೇರಿಗೆ ಹೋಗಬೇಕು. ಮಿಷನ್ ಇರುವವನಿಗೆ ಅವತ್ತು ಹತ್ತು ಮನೆಯಿಂದ ಕರೆ, ನಮ್ಮ ಸರದಿ ಮೂರನೇ ದಿನ. ಇನ್ನು ಕೊಯ್ಲು ಶುರುವಾದ ಮೇಲೆ ಅಡಿಕೆ ಬೇಯಿಸುವ ಒಲೆಗೆ ಸೌದೆ ಬೇಕು. ಈ ಎರಡು ಕೆಲಸಕ್ಕಾಗಿಯೇ ನಾನು ತಗೊಂಡದ್ದು. ಬಿದ್ದದ್ದನ್ನು ತುಂಡು ಮಾಡಲಿಕ್ಕೆ ಸಣ್ಣ ಮಿಷನ್, ನಿಂತ ದೊಡ್ಡ ಮರ ಬೀಳಿಸಲಿಕ್ಕೆ ಕಸುಬಿನವರು. ಈ ಗೆರೆಯನ್ನು ಹನ್ನೊಂದು ವರ್ಷದಲ್ಲಿ ನಾನು ಎರಡು ಸಲ ದಾಟಿದ್ದೇನೆ. ಎರಡೂ ಸಲ ಮರ ನಾನು ಅಂದುಕೊಂಡ ಕಡೆ ಬೀಳಲಿಲ್ಲ.

ಎಷ್ಟು ಸಿಸಿ ತಗೊಳ್ಳಲಿ?

ಮೊದಲು ಬರುವ ಪ್ರಶ್ನೆ ಇದು. ನಾನಂತೂ ಇದನ್ನು ಕೊನೆಗೆ ಕೇಳುತ್ತೇನೆ. ಆದರೂ ಹೇಳುತ್ತೇನೆ: ಮನೆ ಬಳಕೆಗೆ 30ರಿಂದ 40 ಸಿಸಿ.

ಸ್ಟಿಲ್ ಕಂಪನಿಯ ಎಂಎಸ್ 170 ಅಂದರೆ 30.1 ಸಿಸಿ, ಎಂಎಸ್ 180 ಅಂದರೆ 31.8 ಸಿಸಿ. ಎರಡೂ ಬಾರ್ (ಚೈನ್ ಸುತ್ತಿ ಓಡುವ ಉದ್ದ ಪಟ್ಟಿ), ಚೈನ್ ಬಿಟ್ಟು ನಾಲ್ಕು ಕೆಜಿ ಆಸುಪಾಸು. ಹಸ್ಕ್‌ವಾರ್ನಾದ 120 ಮಾರ್ಕ್ 2 ಅಂದರೆ 38 ಸಿಸಿ, ಅದು ಐದು ಕೆಜಿಗೆ ಹತ್ತಿರ. ಅಂಗಡಿಯಲ್ಲಿ ಎತ್ತಿ ನೋಡಿದಾಗ ಒಂದು ಕೆಜಿ ವ್ಯತ್ಯಾಸ ಏನೂ ಅನ್ನಿಸುವುದಿಲ್ಲ. ಪೆಟ್ರೋಲ್, ಆಯಿಲ್ ತುಂಬಿಸಿ, ತೋಟದ ಕಪ್ಪು (ನೀರು ಬಸಿಯುವ ಕಾಲುವೆ) ದಾಟಿ, ಇಳಿಜಾರಿನಲ್ಲಿ ಬಗ್ಗಿ ನಿಂತು ಒಂದು ತಾಸು ಕೊಯ್ದ ಮೇಲೆ ಸೊಂಟ ಲೆಕ್ಕ ಹೇಳುತ್ತದೆ.

ಒಂದಡಿ ದಪ್ಪದವರೆಗಿನ ಸಿಲ್ವರ್ ಓಕ್, ಹಾಲುವಾಣ, ಅಕೇಶಿಯಾಗೆ 30 ಸಿಸಿ ಸಾಕು. ಒಣಗಿದ ಮತ್ತಿ, ಹೊನ್ನೆ, ಹಳೇ ಹಲಸಿನ ಬುಡ ದಿನವೂ ಕೊಯ್ಯುವವರಿಗೆ ಸಾಲದು. ಅವರಿಗೆ ಈ ಪುಟವೂ ಬೇಡ.

ಆನ್‌ಲೈನ್‌ನಲ್ಲಿ 58 ಸಿಸಿ ಮಿಷನ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದಲ್ಲ?

ಸಿಗುತ್ತದೆ. ನನ್ನ ಮೊದಲನೆಯದು ಅದೇ. ಯಾವ ಹೆಸರಿನದು ಅಂತ ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಅದೇ ಮಿಷನ್ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಬರುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಎಂಜಿನ್ ಕೆಟ್ಟದಿರಲಿಲ್ಲ. ಕೈಕೊಟ್ಟದ್ದು ಸುತ್ತಮುತ್ತಲಿನದು. ಮೊದಲ ವಾರಕ್ಕೆ ಚೈನ್ ಬಿಗಿ ಮಾಡುವ ಸ್ಕ್ರೂವಿನ ಮರೆ (ಥ್ರೆಡ್) ಹೋಯಿತು. ಎರಡನೇ ತಿಂಗಳು ಸ್ಟಾರ್ಟರ್ ಹಗ್ಗ ಸುತ್ತುವ ಪ್ಲಾಸ್ಟಿಕ್ ಚಕ್ರ ಒಡೆಯಿತು. ಜೊತೆಗೆ ಬಂದ ಚೈನು ಎಷ್ಟು ಅರ ಹಾಕಿದರೂ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವುದರೊಳಗೆ ಮೊಂಡು. ಬಿಡಿಭಾಗ ಆನ್‌ಲೈನ್‌ನಲ್ಲೇ ತರಿಸಬೇಕು, ಬಂದದ್ದು ನಮ್ಮದಕ್ಕೆ ಹೊಂದುತ್ತದೆಯೇ ಎನ್ನುವುದು ಅದೃಷ್ಟ. ಪೇಟೆಯ ರಿಪೇರಿಯವರು ಮಿಷನ್ ನೋಡಿದ ಕೂಡಲೇ ‘ಇದು ಬಿಟ್ಟು ಹೋಗಿ ಅಣ್ಣಾ, ನೋಡೋಣ’ ಅಂದರು. ಬಿಟ್ಟು ಬಂದೆ. ಎರಡು ತಿಂಗಳಾದ ಮೇಲೆ ನಾನೇ ಹೋಗಿ ವಾಪಸು ತಂದೆ.

ಇಂಥದ್ದನ್ನೇ ತಗೊಂಡು ಐದು ವರ್ಷ ಓಡಿಸಿದವರೂ ನನಗೆ ಗೊತ್ತು. ಪಕ್ಕದ ಊರಿನ ಒಬ್ಬರು ಬಂದ ದಿನವೇ ಎಲ್ಲ ನಟ್ಟು ಬಿಚ್ಚಿ ಮತ್ತೆ ಬಿಗಿ ಮಾಡಿದರು, ಜೊತೆಗೆ ಬಂದ ಚೈನ್ ಎಸೆದು ಒಳ್ಳೆ ಚೈನ್ ಹಾಕಿದರು. ಅವರಿಗೆ ಸ್ಪ್ಯಾನರ್ ಹಿಡಿಯುವುದೇ ಒಂದು ಸುಖ. ನೀವು ಆ ಜಾತಿಯವರಾದರೆ ಧಾರಾಳವಾಗಿ ತಗೊಳ್ಳಿ.

ಹಾಗಾದರೆ ಯಾವ ಕಂಪನಿ?

ನಿಮ್ಮ ಪೇಟೆಯಲ್ಲಿ ಯಾವುದರ ಬಿಡಿಭಾಗ ಸಿಗುತ್ತದೋ ಅದು. ಅಂಗಡಿಗೆ ಹೋದಾಗ ಮಿಷನ್ ಕೇಳುವ ಮೊದಲು ಮೂರು ಸಾಮಾನು ಕೇಳಿ: ಚೈನ್, ಏರ್ ಫಿಲ್ಟರ್, ಕಾರ್ಬ್ಯುರೇಟರ್‌ನ ಡಯಾಫ್ರಮ್ (ತೆಳು ಪೊರೆ) ಕಿಟ್. ಮೂರೂ ಕಪಾಟಿನಲ್ಲಿ ಇದ್ದರೆ ಮಾತು ಮುಂದುವರಿಸಿ. ‘ಆರ್ಡರ್ ಹಾಕಿದ್ರೆ ಬರುತ್ತೆ’ ಅಂದರೆ ನಮಸ್ಕಾರ ಹೇಳಿ.

ಬಾರ್ 22 ಇಂಚು ಹಾಕಿಸಿದರೆ ದೊಡ್ಡ ಮರವೂ ಆಗುತ್ತದಲ್ಲ?

ಆಗುವುದಿಲ್ಲ. ಸಣ್ಣ ಎಂಜಿನ್ನಿಗೆ ಉದ್ದ ಬಾರ್ ಹಾಕಿದರೆ ಚೈನ್ ಎಳೆಯುವುದರಲ್ಲೇ ಶಕ್ತಿ ಹೋಗುತ್ತದೆ, ತುದಿಯವರೆಗೆ ಆಯಿಲ್ಲೂ ಸರಿಯಾಗಿ ತಲುಪುವುದಿಲ್ಲ. 30 ಸಿಸಿಗೆ 14 ಇಂಚು ಹಿತ, 16 ಇಂಚು ಗರಿಷ್ಠ. ಬಾರ್‌ಗಿಂತ ದಪ್ಪದ ದಿಮ್ಮಿಯನ್ನು ಎರಡೂ ಕಡೆಯಿಂದ ಕೊಯ್ಯಬಹುದು.

ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು?

ಪುಸ್ತಕ ನೋಡಿ. ಅದು ಕಳೆದುಹೋಗಿದ್ದರೆ ಟ್ಯಾಂಕಿನ ಮುಚ್ಚಳದ ಸುತ್ತ ನೋಡಿ, ಕೆಲವದರಲ್ಲಿ ಅಲ್ಲೇ ಬರೆದಿರುತ್ತದೆ. ಕಂಪನಿಯ ಒಳ್ಳೆಯ 2ಟಿ (ಎರಡು ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಆದರೆ ಸಾಮಾನ್ಯವಾಗಿ 50:1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಅಗ್ಗದ ಮಿಷನ್‌ಗಳಿಗೆ, ಸಾಧಾರಣ ಆಯಿಲ್ ಬಳಸುವವರಿಗೆ 25:1 ಹೇಳಿರುತ್ತಾರೆ. ಅಂದರೆ 40 ಮಿ.ಲೀ. ಬೇಕು. ಆಯಿಲ್ ಡಬ್ಬದ ಮೇಲೆ ಜಾಸೊ ಎಫ್‌ಡಿ ಅಂತ ಗುಣಮಟ್ಟದ ದರ್ಜೆ ಇದ್ದರೆ ಒಳ್ಳೇದು. ಬೈಕಿಗೋ ಟ್ರ್ಯಾಕ್ಟರಿಗೋ ಹಾಕುವ 4ಟಿ ಎಂಜಿನ್ ಆಯಿಲ್ ಬೇಡವೇ ಬೇಡ.

ಅಳತೆಗೆ ಮುಚ್ಚಳ, ಕಣ್ಣಂದಾಜು ನಂಬಬೇಡಿ. ದನಕ್ಕೆ ಔಷಧ ಕುಡಿಸುವ ದೊಡ್ಡ ಸಿರಿಂಜ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ. ಬಂಕಿನಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಹಾಕಲು ಹಿಂದೆಮುಂದೆ ನೋಡುತ್ತಾರೆ. ಎರಡು ಲೀಟರಿನ ತಗಡಿನ ಕ್ಯಾನ್ ತಗೊಂಡು ಹೋಗಿ, ಆಯಿಲ್ ಅದಕ್ಕೆ ಮೊದಲೇ ಹಾಕಿರಿ. ಬೈಕಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ನಮ್ಮ ರಸ್ತೆಗಳೇ ಕಲಸಿ ಕೊಡುತ್ತವೆ.

ನನ್ನ ಎರಡನೇ ಮಿಷನ್ ಕೆಟ್ಟು ನಿಂತ ಕಥೆ ಇಲ್ಲಿಗೇ ಸೇರಿದ್ದು. ನಮ್ಮಲ್ಲಿ ಕಳೆ ಹೊಡೆಯುವ ಮಿಷನ್ ನಾಲ್ಕು ಸ್ಟ್ರೋಕಿನದು, ಅದಕ್ಕೆ ಬರೀ ಪೆಟ್ರೋಲ್. ಚೈನ್ ಸಾ ಎರಡು ಸ್ಟ್ರೋಕಿನದು. ಎರಡಕ್ಕೂ ಒಂದೇ ಬಣ್ಣದ ಕ್ಯಾನ್. ನಾನು ಮದುವೆಗೆ ಹೋದ ದಿನ ತಮ್ಮ ಬರೀ ಪೆಟ್ರೋಲನ್ನು ಚೈನ್ ಸಾಗೆ ಹಾಕಿದ. ಹತ್ತು ನಿಮಿಷ ಜೋರಾಗಿ ಓಡಿತಂತೆ, ‘ಇವತ್ತು ಭಾರಿ ಪಿಕಪ್ ಇತ್ತು ಅಣ್ಣಾ’ ಅಂದ. ಆಮೇಲೆ ಕಿರ್ ಅಂತ ನಿಂತಿತು, ಹಗ್ಗ ಎಳೆದರೆ ಕಲ್ಲಿಗೆ ಕಟ್ಟಿದ ಹಾಗೆ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಪಿಸ್ಟನ್ನಿನ ಮೈ ತುಂಬ ಉದ್ದುದ್ದ ಗೀರು, ಬೆಕ್ಕು ಪರಚಿದ ಹಾಗೆ. ಈಗ ಬೆರೆಸಿದ ಕ್ಯಾನಿನ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿದೆ.

ಈಗಿನ ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲ್ ಹಾಕಬಹುದಾ?

ಬಂಕಿನಲ್ಲಿ ಸಿಗುವುದೇ ಅದು. ಫೆಬ್ರವರಿ 2023ರಲ್ಲಿ ಬೆಂಗಳೂರಿನಲ್ಲೇ ಇ20ಗೆ ಚಾಲನೆ ಕೊಟ್ಟದ್ದು, ಎರಡು ಮೂರು ವರ್ಷದಲ್ಲಿ ನಮ್ಮ ಸಣ್ಣ ಪೇಟೆಗೂ ಬಂತು. ನಿಮ್ಮ ಮಿಷನ್ ಎಷ್ಟು ಎಥನಾಲ್ ತಡೆಯುತ್ತದೆ ಎಂದು ಅದರ ಪುಸ್ತಕದಲ್ಲಿರುತ್ತದೆ. ಹಳೇ ಪುಸ್ತಕಗಳಲ್ಲಿ 10 ಪರ್ಸೆಂಟ್ ಅಂತ ಬರೆದಿರುವುದೇ ಹೆಚ್ಚು. ಎಥನಾಲ್ ಜಾಸ್ತಿಯಾದಷ್ಟೂ ಅದೇ ಸೆಟ್ಟಿಂಗಿನಲ್ಲಿ ಎಂಜಿನ್ನಿಗೆ ಇಂಧನ ಕಡಿಮೆ, ಗಾಳಿ ಹೆಚ್ಚು ಸಿಕ್ಕಿದಂತಾಗುತ್ತದೆ, ಬಿಸಿ ಏರುತ್ತದೆ. ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಲು ಬರುವ ಮಿಷನ್ ಆದರೆ ತಿಳಿದವರ ಹತ್ತಿರ ಒಮ್ಮೆ ಹೊಂದಿಸಿಕೊಳ್ಳಿ.

ಆದರೆ ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ತೊಂದರೆ ನೀರು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಒಂದು ಹದ ಮೀರಿದ ಮೇಲೆ ನೀರೂ ಎಥನಾಲೂ ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಪೈಪು ಇಂಧನ ಎಳೆಯುವುದು ತಳದಿಂದ. ಅಂದರೆ ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರುಮಿಶ್ರಿತ ಎಥನಾಲ್. ಮಳೆಗಾಲ ಪೂರ್ತಿ ಕ್ಯಾನಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಒಮ್ಮೆ ಗಾಜಿನ ಬಾಟಲಿಗೆ ಸುರಿದು ಕಿಟಕಿಯ ಹತ್ತಿರ ಇಟ್ಟು ನೋಡಿದೆ: ಮೇಲೆ ಆಯಿಲಿನ ತೆಳು ಹಸಿರು, ತಳದಲ್ಲಿ ಎರಡು ಬೆರಳು ಎತ್ತರ ಮಬ್ಬು ನೀರು, ನಡುವೆ ಗೆರೆ ಎಳೆದ ಹಾಗೆ. ಅವತ್ತಿನಿಂದ ಒಂದು ಸಲಕ್ಕೆ ಒಂದು ಲೀಟರಿಗಿಂತ ಹೆಚ್ಚು ಬೆರೆಸುವುದಿಲ್ಲ, ತಿಂಗಳು ದಾಟಿದ್ದನ್ನು ಮಿಷನ್ನಿಗೆ ಹಾಕುವುದಿಲ್ಲ.

ಸ್ಟಾರ್ಟ್ ಆಗುತ್ತಿಲ್ಲ. ಎಳೆದೆಳೆದು ತೋಳು ಬಿದ್ದುಹೋಯಿತು.

ಹತ್ತರಲ್ಲಿ ಏಳು ಸಲ ಪೆಟ್ರೋಲ್ ಏರಿ ಪ್ಲಗ್ ಒದ್ದೆಯಾಗಿರುತ್ತದೆ. ಚೋಕ್ ಎಳೆದಿಟ್ಟು, ಎಂಜಿನ್ ಒಮ್ಮೆ ‘ಫಟ್’ ಅಂತ ಕೆಮ್ಮಿದ್ದು ಕೇಳಿಸದೆ ಇನ್ನೂ ಹತ್ತು ಸಲ ಎಳೆದಿರುತ್ತೀರಿ. ಆ ಕೆಮ್ಮೇ ಸೂಚನೆ: ಅಲ್ಲಿಗೆ ಚೋಕ್ ಅರ್ಧಕ್ಕೆ ತರಬೇಕು.

ಈಗ ಪ್ಲಗ್ ಬಿಚ್ಚಿ ಒರೆಸಿ. ಸ್ವಿಚ್ ಆಫ್ ಇಟ್ಟು, ಮಿಷನ್ ಮಗುಚಿ ಹಿಡಿದು ಆರೇಳು ಸಲ ಹಗ್ಗ ಎಳೆಯಿರಿ, ಒಳಗಿನದು ಹೊರಗೆ ಬರಲಿ. ಪ್ಲಗ್ ತೂತಿಗೆ ಮುಖ ಒಡ್ಡಬೇಡಿ. ಪ್ಲಗ್ಗಿನ ಬಾಯಿ ಸುಮಾರು ಅರ್ಧ ಮಿ.ಮೀ. ಇರಬೇಕು. ವಾಪಸು ಹಾಕಿ, ಚೋಕ್ ಇಲ್ಲದೆ ಎಳೆಯಿರಿ.

ಹಾಗೂ ಆಗದಿದ್ದರೆ ಹಳೇ ಪೆಟ್ರೋಲ್, ಆಮೇಲೆ ಟ್ಯಾಂಕಿನೊಳಗಿನ ಫಿಲ್ಟರ್, ಆಮೇಲೆ ಗಟ್ಟಿಯಾದ ಡಯಾಫ್ರಮ್. ಒಂದು ಸಲ ಇದೆಲ್ಲ ನೋಡಿ ಸಾಕಾಗಿ ಸೈಲೆನ್ಸರ್ ಬಿಚ್ಚಿದೆ. ಕುಂಬಾರ ಹುಳ ಹೊಗೆ ಬರುವ ತೂತಿನಲ್ಲಿ ಅಚ್ಚುಕಟ್ಟಾಗಿ ಮಣ್ಣಿನ ಮನೆ ಕಟ್ಟಿ, ಒಳಗೆ ಮರಿಗೆ ಹಸಿರು ಹುಳ ತುಂಬಿಸಿಟ್ಟಿತ್ತು. ಈಗ ಇಡುವಾಗ ಆ ತೂತಿಗೆ ಬಟ್ಟೆ ತುರುಕಿ, ಮರೆಯದಿರಲಿ ಅಂತ ಬಾಲ ಉದ್ದ ಬಿಡುತ್ತೇನೆ.

ಸ್ಟಾರ್ಟ್ ಮಾಡುವಾಗ ಮಿಷನ್ ನೆಲದ ಮೇಲಿರಲಿ, ಬಲಗಾಲು ಹಿಂದಿನ ಹಿಡಿಯೊಳಗೆ, ಎಡಗೈ ಮುಂದಿನ ಹಿಡಿಯ ಮೇಲೆ, ಚೈನ್ ಬ್ರೇಕ್ ಹಾಕಿರಲಿ. ಗಾಳಿಯಲ್ಲಿ ಹಿಡಿದು ಒಂದೇ ಏಟಿಗೆ ಎಳೆಯುವುದು ನೋಡಲಿಕ್ಕೆ ಮಾತ್ರ ಚಂದ.

ಹೊಸ ಮಿಷನ್, ಆದರೂ ಕೊಯ್ಯುತ್ತಿಲ್ಲ. ಎಂಜಿನ್ ಪವರ್ ಕಡಿಮೆಯಾ?

ಮಿಷನ್ನಿನ ಕೆಳಗೆ ಬಿದ್ದಿರುವುದನ್ನು ಕೈಯಲ್ಲಿ ಹಿಡಿದು ನೋಡಿ. ಅವಲಕ್ಕಿಯಂಥ ಚೂರು ಬಂದರೆ ಚೈನ್ ಹರಿತ. ರಾಗಿ ಹಿಟ್ಟಿನಂಥ ಪುಡಿ ಬಂದರೆ ಮೊಂಡು. ಮಿಷನ್ನನ್ನು ನೀವು ಒತ್ತಬೇಕಾಗಿ ಬಂತು, ಕೊಯ್ದದ್ದು ಒಂದು ಕಡೆಗೆ ಓರೆ ಹೋಯಿತು, ಹೊಗೆ ಬಂತು ಅಂದರೂ ಕಾರಣ ಅದೇ. ಸಿಸಿ ಕೇಳುವವರಿಗೆ ನಾನು ಹೇಳುವುದು ಇದನ್ನೇ: ಹರಿತ ಚೈನಿನ 30 ಸಿಸಿ, ಮೊಂಡು ಚೈನಿನ 58 ಸಿಸಿಯನ್ನು ಹಿಂದೆ ಹಾಕುತ್ತದೆ. ಪಕ್ಕದ ತೋಟದವರೊಡನೆ ಒಂದೇ ಅಕೇಶಿಯಾ ದಿಮ್ಮಿಯ ಮೇಲೆ ಪಂದ್ಯ ಕಟ್ಟಿ ತೋರಿಸಿದ್ದೇನೆ. ಸೋತವರು ಕಾಫಿ ಕೊಡಿಸಿ, ಅರ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಚೈನ್ ಮೊಂಡಾಗಲು ನೂರು ಮರ ಬೇಕಿಲ್ಲ. ದಿಮ್ಮಿಯ ಕೆಳಗಿನ ಮಣ್ಣಿಗೆ ಎರಡು ಸೆಕೆಂಡ್ ತಾಗಿದರೆ ಸಾಕು. ಮೆಣಸು ಹಬ್ಬಿಸಿದ ಹಳೇ ಸಿಲ್ವರ್ ಓಕ್‌ನಲ್ಲಿ ಅಜ್ಜನ ಕಾಲದ ಮೊಳೆ, ಬೇಲಿಯ ತಂತಿ ತೊಗಟೆಯೊಳಗೆ ಮುಚ್ಚಿಹೋಗಿರುತ್ತದೆ. ತೆಂಗು, ಅಡಿಕೆ, ಬೈನೆಯಂಥ ಮರಗಳ ಕಾಂಡದಲ್ಲಿ ಸಿಲಿಕಾ ಕಣಗಳಿರುತ್ತವೆ. ಮೆತ್ತಗೆ ಕಂಡರೂ ಹಲ್ಲು ಬೇಗ ಸವೆಯುತ್ತದೆ. ನಾರು ಹೋಗಿ ಸ್ಪ್ರಾಕೆಟ್ಟಿಗೆ (ಚೈನ್ ತಿರುಗಿಸುವ ಹಲ್ಲುಚಕ್ರಕ್ಕೆ) ಸುತ್ತಿಕೊಳ್ಳುವುದು ಬೇರೆ.

ಅರ ಹಾಕುವುದು ಹೇಗೆ?

ಸಣ್ಣ ಮಿಷನ್‌ಗಳಲ್ಲಿ ಸಾಮಾನ್ಯವಾಗಿ 3/8 ಇಂಚಿನ ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನ್. ಅದಕ್ಕೆ 4 ಮಿ.ಮೀ.ನ ಗುಂಡು ಅರ. .325 ಇಂಚಿನ ಚೈನಿಗೆ 4.8 ಮಿ.ಮೀ.ನದು. ಅರದ ಅಳತೆ ತಪ್ಪಿದರೆ ಹಲ್ಲಿನ ಆಕಾರವೇ ಹೋಗುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಇಲ್ಲ.

ಬಾರನ್ನು ದಿಮ್ಮಿಯ ಮೇಲೆ ಮಾಡಿದ ಒಂದು ಸೀಳಿನಲ್ಲಿ ಸಿಕ್ಕಿಸಿ ಅಲ್ಲಾಡದ ಹಾಗೆ ನಿಲ್ಲಿಸಿ, ಚೈನ್ ಬ್ರೇಕ್ ಹಾಕಿ. ಹಲ್ಲಿನ ಮೇಲ್ಭಾಗದಲ್ಲಿ ಓರೆಯಾಗಿ ಒಂದು ಗೆರೆ ಇದ್ದರೆ ಅರ ಆ ಗೆರೆಗೆ ಸಮನಾಗಿರಲಿ. ಅದು 30 ಡಿಗ್ರಿ. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ವಾಪಸು ಎಳೆಯುವಾಗ ಎತ್ತಬೇಕು. ಮೂರು ತಳ್ಳು, ಮುಂದಿನ ಹಲ್ಲು. ಒಂದಕ್ಕೆ ಮೂರಾದರೆ ಎಲ್ಲಕ್ಕೂ ಮೂರೇ. ಒಂದು ಬದಿಯ ಹಲ್ಲು ಉದ್ದ, ಇನ್ನೊಂದು ಬದಿಯದು ಗಿಡ್ಡವಾದರೆ ಮಿಷನ್ ಒಂದು ಕಡೆಗೆ ಓರೆ ಹೋಗುತ್ತದೆ. ಬಲಗೈಯವರಿಗೆ ಒಂದು ಬದಿ ಯಾವಾಗಲೂ ಚೆನ್ನಾಗಿ ಬರುತ್ತದೆ, ಇನ್ನೊಂದು ಬರುವುದಿಲ್ಲ. ನನಗೂ ಅಷ್ಟೇ. ಅದಕ್ಕೇ ಬಾರದ ಬದಿಯನ್ನು ಮೊದಲು ಮಾಡುತ್ತೇನೆ, ತಾಳ್ಮೆ ಇರುವಾಗ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಬ್ಬ ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ನಿರ್ಧರಿಸುವುದು ಅದು. ಹಲ್ಲಿನ ತುದಿಗಿಂತ 0.65 ಮಿ.ಮೀ. ಕೆಳಗಿರಬೇಕು. ಹಲ್ಲು ಸವೆದ ಹಾಗೆ ಇದನ್ನೂ ಚಪ್ಪಟೆ ಅರದಿಂದ ಇಳಿಸಬೇಕು, ನಾಲ್ಕೈದು ಸಲ ಅರ ಹಾಕಿದ ಮೇಲೆ ಒಮ್ಮೆ ನೋಡಿ. ಗೇಜಿನ ತಗಡು ಅಂಗಡಿಯಲ್ಲಿ ಸಿಗುತ್ತದೆ. ಕಣ್ಣಂದಾಜಿನಲ್ಲಿ ಜಾಸ್ತಿ ಇಳಿಸಿದರೆ ಮಿಷನ್ ಕಚ್ಚಿ ಕಚ್ಚಿ ಎಗರುತ್ತದೆ.

ಈ ಹಲ್ಲಿನ ಆಕಾರ ಬಂದದ್ದು ಒಂದು ಹುಳದಿಂದ. ಅಮೆರಿಕದ ಆರೆಗನ್ನಿನಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಮರದ ಬೊಡ್ಡೆಯೊಂದನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳವನ್ನು ಕಂಡ. ಅದು ನಾರಿನ ಉದ್ದಕ್ಕೂ ಅಡ್ಡಕ್ಕೂ ಲೀಲಾಜಾಲವಾಗಿ ಕೊರೆಯುತ್ತಿತ್ತು. ಅದರ ದವಡೆ ನೋಡಿ ಉಕ್ಕಿನಲ್ಲಿ ಬಾಗಿದ ಹಲ್ಲು ಮಾಡಿದ, ಮರುವರ್ಷ ಚೈನ್ ಕಂಪನಿ ಶುರು ಮಾಡಿದ. ಆ ಮರಿಹುಳ ಉದ್ದ ಮೀಸೆಯ ದುಂಬಿಗಳ ಕುಟುಂಬದ್ದು. ನಮ್ಮ ಅರೇಬಿಕಾ ಕಾಫಿ ಗಿಡ ತಿಂದು ಮುಗಿಸುವ ಬಿಳಿ ಕಾಂಡಕೊರಕವೂ ಅದೇ ಕುಟುಂಬ. ಕೊರಕ ತಿಂದ ಗಿಡವನ್ನು ಅದರ ದಾಯಾದಿಯ ಹಲ್ಲಿನಿಂದಲೇ ಕೊಯ್ದು ಸುಡುತ್ತೇವೆ ಅಂತಾಯಿತು.

ಹೊಸ ಚೈನ್ ತಂದೆ, ಹಾಕಿದರೆ ಗಿಡ್ಡ. ಅಂಗಡಿಯವ ‘16 ಇಂಚು’ ಅಂತಲೇ ಕೊಟ್ಟದ್ದು!

ಇಂಚು ಹೇಳಿ ಚೈನ್ ಕೇಳಬೇಡಿ. ಮೂರು ಅಂಕಿ ಬೇಕು: ಪಿಚ್ (ಕೊಂಡಿಗಳ ನಡುವಿನ ಅಂತರ), ಗೇಜ್ (ಒಳಹಲ್ಲಿನ ದಪ್ಪ), ಬಾರಿನ ಸೀಳಿನೊಳಗೆ ಕೂರುವ ಒಳಹಲ್ಲಿನ ಲೆಕ್ಕ. ಒಂದು ಕಂಪನಿಯ 16 ಇಂಚಿಗೆ 55 ಒಳಹಲ್ಲು, ಇನ್ನೊಂದರದಕ್ಕೆ 56. ಬಾರಿನ ಬುಡದಲ್ಲಿ ಇವು ಕೊರೆದಿರುತ್ತವೆ. ಮೇಣ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ಒರೆಸಿ, ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ.

ಚೈನಿಗೆ ಹಳೇ ಎಂಜಿನ್ ಆಯಿಲ್ ಹಾಕಿದರೆ ಏನಾಗುತ್ತದೆ?

ಎಲ್ಲರೂ ಹಾಕುತ್ತಾರೆ, ನಾನೂ ಮೊದಲೆರಡು ವರ್ಷ ಹಾಕಿದೆ. ಅದರಲ್ಲಿ ಲೋಹದ ಪುಡಿ, ಮಸಿ ಇರುತ್ತದೆ. ಪಂಪ್ ಕಟ್ಟುತ್ತದೆ, ಬಾರಿನ ಗಾಡಿ (ಚೈನ್ ಓಡುವ ಸೀಳು) ಸವೆಯುತ್ತದೆ. ಚೈನ್ ಸೆಕೆಂಡಿಗೆ ಹದಿನೆಂಟು ಇಪ್ಪತ್ತು ಮೀಟರ್ ವೇಗದಲ್ಲಿ ಓಡುವಾಗ ಆ ಕೊಳಕೆಲ್ಲ ಸಿಡಿಯುವುದು ನಿಮ್ಮ ಬಟ್ಟೆಗೆ, ಮೈಗೆ, ಕಾಳುಮೆಣಸಿನ ಬುಡಕ್ಕೆ. ಬಳಸಿದ ಎಂಜಿನ್ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ, ಕ್ಯಾನ್ಸರ್ ತರುವ ಗುಣ ಅದಕ್ಕಿದೆ. ಚೈನ್ ಆಯಿಲ್ ಅಂತಲೇ ಸಿಗುವುದು ಅಂಟಂಟಾಗಿರುತ್ತದೆ, ಅಷ್ಟಾಗಿ ಸಿಡಿದು ಹೋಗುವುದಿಲ್ಲ.

ಪೆಟ್ರೋಲ್ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಆಯಿಲ್ ಟ್ಯಾಂಕೂ ಹೆಚ್ಚುಕಮ್ಮಿ ಖಾಲಿಯಾಗಬೇಕು. ತುಂಬಿಯೇ ಇದ್ದರೆ ಆಯಿಲ್ ಬರುತ್ತಿಲ್ಲ ಅಂತ ಅರ್ಥ. ಬಾರಿನ ತುದಿಯನ್ನು ಬಿಳಿ ಮರದ ಹತ್ತಿರ, ತಾಗಿಸದೆ, ಹಿಡಿದು ಎಂಜಿನ್ ಏರಿಸಿದರೆ ಸಣ್ಣ ಆಯಿಲಿನ ಗೆರೆ ಬೀಳಬೇಕು.

ಚೈನ್ ಎಷ್ಟು ಬಿಗಿ?

ಕೈಯಿಂದ ಎಳೆದರೆ ಸುಲಭವಾಗಿ ತಿರುಗಬೇಕು, ಬಾರಿನ ಕೆಳಗೆ ಜೋತುಬೀಳಬಾರದು. ಹೊಸ ಚೈನ್ ಮೊದಲ ದಿನ ನಾಲ್ಕು ಸಲ ಸಡಿಲಾಗುತ್ತದೆ, ಗಾಬರಿ ಬೇಡ. ಬಿಸಿ ಇರುವಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿ ಇಡಿ.

ಮಿಷನ್ ‘ಒದೆಯುತ್ತೆ’ ಅಂತಾರಲ್ಲ, ಅದೇನು?

ಬಾರಿನ ಮೂತಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಾಗಿದರೆ ಚೈನ್ ಅಲ್ಲಿ ಕಚ್ಚಿಕೊಳ್ಳುತ್ತದೆ, ಇಡೀ ಬಾರ್ ಮೇಲೆದ್ದು ನಿಮ್ಮ ಮುಖದ ಕಡೆಗೆ ಬರುತ್ತದೆ. ಕಣ್ಣು ಮಿಟುಕಿಸುವುದಕ್ಕೂ ಪುರುಸೊತ್ತಿಲ್ಲ. ನನಗೆ ಆದದ್ದು ಒಂದೇ ಸಲ. ಬಿದ್ದ ಹಲಸಿನ ಕೊಂಬೆ ಕೊಯ್ಯುತ್ತಿದ್ದೆ, ಎಲೆಯ ಮರೆಯಲ್ಲಿ ಇನ್ನೊಂದು ಕೊಂಬೆ ಇತ್ತು, ಮೂತಿ ಅದಕ್ಕೆ ತಾಗಿತು. ಎಡಗೈಯ ಮಣಿಕಟ್ಟು ಮುಂದಿನ ಗಾರ್ಡಿಗೆ ಬಡಿದು ಬ್ರೇಕ್ ಬಿತ್ತು, ಚೈನ್ ನಿಂತಿತು. ಆಮೇಲೆ ಎಷ್ಟೋ ಹೊತ್ತು ದಿಮ್ಮಿಯ ಮೇಲೆ ಸುಮ್ಮನೆ ಕೂತಿದ್ದೆ. ಮನೆಯಲ್ಲಿ ಹೇಳಲಿಲ್ಲ. ಈಗ ಇದನ್ನು ಓದಿ ಗೊತ್ತಾಗಬೇಕು.

ಅದಕ್ಕೇ ಎಡಗೈಯ ಹೆಬ್ಬೆರಳು ಹಿಡಿಯನ್ನು ಸುತ್ತುವರಿದಿರಬೇಕು, ಬೆರಳುಗಳ ಜೊತೆ ಮೇಲೆ ಇಡುವುದಲ್ಲ. ತಲೆ ಬಾರಿನ ನೇರಕ್ಕೆ ಇರಬಾರದು, ಸ್ವಲ್ಪ ಎಡಕ್ಕೆ. ಹೆಗಲಿಗಿಂತ ಮೇಲೆ ಮಿಷನ್ ಎತ್ತಬಾರದು. ಪ್ರತಿದಿನ ಕೆಲಸಕ್ಕೆ ಮೊದಲು ಬ್ರೇಕ್ ಹಿಡಿಯುತ್ತದಾ ನೋಡಬೇಕು. ಅಗ್ಗದ ಮಿಷನ್ನಿನಲ್ಲಿ ಬ್ರೇಕ್ ಹೆಸರಿಗೆ ಮಾತ್ರ ಇದ್ದದ್ದನ್ನೂ ಕಂಡಿದ್ದೇನೆ.

ಲುಂಗಿ ಉಟ್ಟು, ಹವಾಯಿ ಚಪ್ಪಲಿಯಲ್ಲಿ ಕೊಯ್ಯುವವರನ್ನು ಬೈದು ಸಾಕಾಗಿದೆ. ಕಾಲಿನ ಕವಚ ಅಂತ ಸಿಗುತ್ತದೆ, ಅದರೊಳಗೆ ಉದ್ದ ನಾರಿನ ಪದರಗಳಿವೆ. ಚೈನ್ ತಾಗಿದ ಕೂಡಲೇ ನಾರು ಎಳೆದುಕೊಂಡು ಹೋಗಿ ಸ್ಪ್ರಾಕೆಟ್ಟಿಗೆ ಸುತ್ತಿ ಮಿಷನ್ನನ್ನು ನಿಲ್ಲಿಸುತ್ತದೆ. ಸೆಕೆಯಾಗುತ್ತದೆ, ನಿಜ. ಕಿವಿಗೂ ಮುಚ್ಚಳ ಬೇಕು, ಇದರ ಸದ್ದು 100 ಡೆಸಿಬೆಲ್ ಆಸುಪಾಸು. ಒಬ್ಬರೇ ಇರುವಾಗ ಮಿಷನ್ ಹಿಡಿಯಬೇಡಿ. ನಮ್ಮ ತೋಟದಲ್ಲಿ ಫೋನ್ ಸಿಗ್ನಲ್ಲೂ ಇರುವುದಿಲ್ಲ.

ಬಾರ್ ದಿಮ್ಮಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಯಾಕೆ?

ದಿಮ್ಮಿಯ ಭಾರ ಎಲ್ಲಿ ಕೂತಿದೆ ಅಂತ ಮೊದಲು ನೋಡಲಿಲ್ಲ, ಅದಕ್ಕೆ. ಎರಡೂ ತುದಿ ನೆಲಕ್ಕೆ ಊರಿ ನಡು ಮೇಲಿದ್ದರೆ, ಮೇಲಿನಿಂದ ಕೊಯ್ದ ಹಾಗೆ ಸೀಳು ಮುಚ್ಚುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಿರಿ. ಒಂದು ತುದಿ ಗಾಳಿಯಲ್ಲಿದ್ದರೆ ಇದರ ತಿರುಗಮುರುಗ: ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ಪ್ಲಾಸ್ಟಿಕ್ ಇಲ್ಲವೇ ಮರದ ಬೆಣೆ ಎರಡು ಜೇಬಿನಲ್ಲಿರಲಿ, ಕಬ್ಬಿಣದ್ದು ಬೇಡ. ಸಿಕ್ಕಿಕೊಂಡ ಮೇಲೆ ಮಿಷನ್ ಆಫ್ ಮಾಡಿ, ಬೆಣೆ ಹೊಡೆದು ಸೀಳು ತೆರೆಯಿರಿ. ಎಳೆದಾಡಿದರೆ ಬಾರ್ ಬಾಗುತ್ತದೆ.

ಬಾಗಿ ಸಿಕ್ಕಿಕೊಂಡ ಸಣ್ಣ ಮರಗಳ ಬಗ್ಗೆ ಎಚ್ಚರ. ದೊಡ್ಡ ಮರದ ಅಡಿ ಬಿಲ್ಲಿನ ಹಾಗೆ ಬಾಗಿದ ಅಡಿಕೆ ಮರವನ್ನು ಕೊಯ್ದರೆ ಅದು ಚಿಮ್ಮಿ ಹೊಡೆಯುತ್ತದೆ. ಇನ್ನು ವಿದ್ಯುತ್ ತಂತಿಯ ಮೇಲೆ ಬಿದ್ದ ಮರಕ್ಕೆ ಕೈ ಹಾಕಬೇಡಿ, ಕರೆಂಟ್ ಹೋಗಿದ್ದರೂ. ಮೆಸ್ಕಾಂನವರು ಬರಲಿ.

ಮರಗಸಿಗೆ (ನೆರಳಿನ ಮರದ ಕೊಂಬೆ ಸವರಲಿಕ್ಕೆ) ಮರ ಹತ್ತಿ ಇದರಲ್ಲೇ ಕೊಯ್ಯಬಹುದಾ?

ಇಲ್ಲ. ಈ ಮಿಷನ್ ಎರಡು ಕೈಯಲ್ಲಿ ಹಿಡಿಯುವಂಥದ್ದು, ಮರದ ಮೇಲೆ ನಿಮಗೆ ಇರುವುದು ಒಂದೇ ಕೈ. ಪಳಗಿದವರು ಹಗ್ಗ ಕಟ್ಟಿಕೊಂಡು, ಅದಕ್ಕೆಂದೇ ಇರುವ ಮಿಷನ್ನಿನಲ್ಲಿ ಮಾಡುತ್ತಾರೆ. ಉಳಿದವರಿಗೆ ಕತ್ತಿಯೇ ವಾಸಿ.

ಮಳೆಗಾಲದಲ್ಲಿ ಹೇಗೆ ಇಡುವುದು?

ನಮಗೆ ಮಿಷನ್ ಬೇಕಾಗುವುದೇ ಮಳೆಗಾಲದಲ್ಲಿ, ಆದರೆ ಯಾವ ದಿನ ಅಂತ ಗೊತ್ತಿರುವುದಿಲ್ಲ. ನಾನು ಮಾಡುವುದು ಹೀಗೆ: ಕೆಲಸ ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲ್ ಸುರಿದು, ಮಿಷನ್ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ. ಕಾರ್ಬ್ಯುರೇಟರ್ ಖಾಲಿ. ಚೈನ್ ಬಿಚ್ಚಿ ಚೈನ್ ಆಯಿಲ್ ಇರುವ ಹಳೇ ಡಬ್ಬದಲ್ಲಿ ಮುಳುಗಿಸುತ್ತೇನೆ, ಇಲ್ಲದಿದ್ದರೆ ಒಂದೇ ವಾರಕ್ಕೆ ತುಕ್ಕು. ಬಾರಿನ ಗಾಡಿಯ ಕೊಳೆಯನ್ನು ಹಳೇ ಹ್ಯಾಕ್ಸಾ ಬ್ಲೇಡಿನಲ್ಲಿ ಕೆರೆದು, ಬಾರನ್ನು ಮಗುಚಿ ಹಾಕುತ್ತೇನೆ. ಎರಡೂ ಅಂಚು ಸಮ ಸವೆಯಲಿ ಅಂತ. ಏರ್ ಫಿಲ್ಟರ್ ಸೋಪಿನ ನೀರಿನಲ್ಲಿ ತೊಳೆದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇನೆ. ಮಿಷನ್ನನ್ನು ಮಾತ್ರ ಅಲ್ಲಿಡಬೇಡಿ, ಅದರಲ್ಲಿ ಪೆಟ್ರೋಲಿನ ವಾಸನೆ ಇದ್ದೇ ಇರುತ್ತದೆ.

ಬ್ಯಾಟರಿಯದ್ದು ಹೇಗೆ?

ಕಾಫಿ ಚಿಗುರು, ಗೊಬ್ಬರದ ಗಿಡ, ಮೆಣಸಿನ ಮರದ ಸಣ್ಣ ಕೊಂಬೆಗೆ ಚೆಂದ. ಹೊಗೆಯಿಲ್ಲ, ಸದ್ದು ಕಡಿಮೆ, ನನ್ನ ಹೆಂಡತಿ ಅದನ್ನೇ ಇಷ್ಟಪಡುತ್ತಾಳೆ. ಮೂರು ದಿನ ಕರೆಂಟಿಲ್ಲದಿರುವಾಗ ದಾರಿಗೆ ಬಿದ್ದ ಮರಕ್ಕೆ ಪೆಟ್ರೋಲಿನದ್ದೇ.

ನನ್ನ ಜಾಗದ ಮರ, ನನ್ನ ಮಿಷನ್. ಕೇಳುವವರು ಯಾರು?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕೇಳುತ್ತದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ರಬ್ಬರ್, ತೆಂಗಿನಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಉಳಿದವಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಶ್ರೀಗಂಧ, ಬೀಟೆ, ತೇಗದ ವಿಷಯವೇ ಬೇರೆ. ಕಾಡಂಚಿನಲ್ಲಿ ಮಿಷನ್ ಹಿಡಿದು ಓಡಾಡುವವರು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡಿರುವುದು ಲೇಸು.

ಸಹಾಯಧನ ಬೇಕಿದ್ದವರು ತೋಟಗಾರಿಕೆ ಕಚೇರಿಯಲ್ಲಿ ಮಿಷನ್ ತಗೊಳ್ಳುವ ಮೊದಲೇ ಕೇಳಿ. ಬಿಲ್ ಹಿಡಿದುಕೊಂಡು ಆಮೇಲೆ ಹೋದ ನನ್ನನ್ನು ನೋಡಿ ಅಲ್ಲಿಯವರು ನಕ್ಕರು ಅಷ್ಟೇ.

ಸೆಕೆಂಡ್ ಹ್ಯಾಂಡ್ ನೋಡುವಾಗ ಏನು ನೋಡಲಿ?

ಮೊದಲು ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗುವುದಿಲ್ಲ ಅಂತ ಅರ್ಥ. ಹಗ್ಗದ ಹಿಡಿ ಹಿಡಿದು ಮಿಷನ್ನನ್ನು ನೇತಾಡಿಸಿ. ನಿಧಾನವಾಗಿ ತಡೆದು ತಡೆದು ಇಳಿದರೆ ಕಂಪ್ರೆಶನ್ (ಎಂಜಿನ್ನೊಳಗಿನ ಒತ್ತಡ) ಇದೆ, ಸರ್ರನೆ ಇಳಿದರೆ ಬೇಡ. ಸೈಲೆನ್ಸರಿನ ಎರಡು ಸ್ಕ್ರೂ ಬಿಚ್ಚಲು ಒಪ್ಪುತ್ತಾರಾ ಕೇಳಿ, ಪಿಸ್ಟನ್ ಮೇಲೆ ಗೀರಿದೆಯಾ ನೋಡಿ. ಗೀರಿದ್ದ ನನ್ನ ಆ ಎರಡನೇ ಮಿಷನ್ನನ್ನು ಗೀರು ತೋರಿಸಿಯೇ, ಬಿಡಿಭಾಗದ ಬೆಲೆಗೆ ಮಾರಿದೆ. ತಗೊಂಡವರು ಹೊಸ ಸಿಲಿಂಡರ್ ಕಿಟ್ ಹಾಕಿಸಿದರು. ಮೊನ್ನೆ ಅವರ ತೋಟದ ಕಡೆಯಿಂದ ಅದರದೇ ಸದ್ದು ಕೇಳುತ್ತಿತ್ತು.